ಹೆಸರು ಕಿತ್ತ ಹೊಲದಲ್ಲಿ ಒಂದು ಹಂಗಾಮು

ಕಳೆದ ಡಿಸೆಂಬರ್ ಕೊನೆಯಲ್ಲಿ ಅಮೇರಿಕದಿಂದ ನನಗೊಂದು ಪತ್ರ ಬಂದಿತು. ಪತ್ರವೆಂದರೆ ಅಂಚೆಯವರು ತಂದುಕೊಟ್ಟದ್ದಲ್ಲ. ಫೋನಿನೊಳಗೆ ಬಂದ ಬರೆಹ. ಆದರೆ ಬರೆದವನು ನನ್ನ ಹಳೆಯ ವಿದ್ಯಾರ್ಥಿ. ಅಚ್ಚ ಕನ್ನಡದಲ್ಲಿ, ಅಲ್ಪವಿರಾಮ ಪೂರ್ಣವಿರಾಮಗಳನ್ನು ಇಡಬೇಕಾದಲ್ಲಿ ಇಟ್ಟು ಬರೆದಿದ್ದನಾದುದರಿಂದ ಅದನ್ನು ಪತ್ರವೆಂದು ಕರೆಯುವುದೇ ನನಗೆ ಇಷ್ಟ. ಹತ್ತು ವರ್ಷಗಳ ಹಿಂದೆ ನಮ್ಮ ಕಾಲೇಜಿನ ಕಬಡ್ಡಿ ತಂಡದಲ್ಲಿ ಬಲಮೂಲೆಯನ್ನು ಕಾಯುತ್ತಿದ್ದ ಹುಡುಗ ಇಂದು ಮಿಶಿಗನ್ ರಾಜ್ಯದ ಆ್ಯನ್ ಆರ್ಬರ್ ಎಂಬ ವಿದ್ಯಾನಗರದಲ್ಲಿ ಉದ್ಯೋಗಸ್ಥನಾಗಿದ್ದಾನೆ.

ಪತ್ರದ ತುಂಬ ಆ ಊರಿನ ಫುಟ್‌ಬಾಲಿನ ವರ್ಣನೆ. ಅಲ್ಲಿಯ ಫುಟ್‌ಬಾಲು ನಾವು ತಿಳಿದುಕೊಂಡ ಕಾಲ್ಚೆಂಡಲ್ಲ. ಎರಡೂ ತುದಿ ಚೂಪಾದ, ಸುಲಿದ ತೆಂಗಿನಕಾಯಿಯನ್ನು ಹೋಲುವ ಚೆಂಡನ್ನು ಎದೆಗವಚಿಕೊಂಡು ಓಡುವುದು, ಇಲ್ಲವೆ ಮುಂದೆ ಓಡುತ್ತಿರುವ ಜೊತೆಗಾರನಿಗೆ ಎಸೆಯುವುದು, ಎದುರು ಪಕ್ಷದವರು ಓಡುವವನನ್ನು ಹಿಡಿದು ಕೆಡವುವುದು, ಇದೇ ಆ ಆಟ. ಒಂದೊಂದು ಕಡೆಗೆ ಹನ್ನೊಂದು ಮಂದಿ. ನಾಲ್ಕು ಯತ್ನಗಳಲ್ಲಿ ಹತ್ತು ಗಜ ಮುಂದೆ ಸಾಗಬೇಕು, ಇಲ್ಲವಾದರೆ ಚೆಂಡು ಪರರ ಪಾಲು. 1869ರ ನವೆಂಬರಿನಲ್ಲಿ ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ಕಾಲೇಜುಗಳ ಹುಡುಗರು ಆಡಿದ ಪಂದ್ಯದಿಂದ ಈ ಆಟದ ಚರಿತ್ರೆಯನ್ನು ಎಣಿಸುತ್ತಾರೆ. ಆ್ಯನ್ ಆರ್ಬರಿನ ಕ್ರೀಡಾಂಗಣದಲ್ಲಿ ಒಂದು ಲಕ್ಷ ಏಳು ಸಾವಿರಕ್ಕೂ ಹೆಚ್ಚು ಜನರು ಕೂಡ್ರಬಹುದು. ಶರತ್ಕಾಲದ ಶನಿವಾರಗಳಂದು ಅದು ತುಂಬುತ್ತದೆ. ನಮ್ಮ ತಾಲೂಕಿನ ಹಳ್ಳಿ ಹಳ್ಳಿಗಳ ಜನರೆಲ್ಲ ಒಂದೇ ಬಯಲಿನಲ್ಲಿ ನೆರೆದಂತೆ ಊಹಿಸಿಕೊಳ್ಳಿರಿ. ಇಷ್ಟೂ ಕಾಲೇಜು ಹುಡುಗರ ಆಟವನ್ನು ನೋಡುವುದಕ್ಕೆ!

ಇದೆಲ್ಲವನ್ನೂ ಬರೆದು ಕೊನೆಯ ಸಾಲಿನಲ್ಲಿ ಅವನು ತನ್ನ ಊರ ಮಾತಿಗೆ ಇಳಿದಿದ್ದ: “ನಮ್ಮ ಟೀಮು ಈ ವರ್ಷ ಹ್ಯಾಂಗಾತ್ರಿ ಸರ?”

ಪ್ರಶ್ನೆ ಚಿಕ್ಕದು. ಒಂದು ಸಾಲಿನಲ್ಲಿ ಉತ್ತರಿಸಬಹುದಾಗಿದ್ದಿತು. ಆದರೆ ಮೂರು ವಾರಗಳವರೆಗೆ ನಾನು ಉತ್ತರ ಬರೆಯಲಾರದೆ ಹೋದೆ. ಏಕೆ ಹಾಗಾಯಿತೆಂಬುದನ್ನು ಹೇಳುವುದಕ್ಕಾಗಿಯೇ ಈ ಲೇಖನ.

*

ನಾನು ಆಟಗಾರನಲ್ಲ. ಕನ್ನಡ ಎಂ.ಎ. ಮಾಡಿ, ಹಳಗನ್ನಡ ಕಾವ್ಯ ಮತ್ತು ಛಂದಸ್ಸುಗಳನ್ನು ಕಲಿಸುತ್ತ ನಲವತ್ತು ದಾಟಿದವನು. ಎರಡು ವರ್ಷಗಳ ಹಿಂದೆ ನಮ್ಮ ದೈಹಿಕ ಶಿಕ್ಷಣದ ಅಧ್ಯಾಪಕರು ವರ್ಗವಾಗಿ ಹೋದರು. ಅವರ ಸ್ಥಾನಕ್ಕೆ ಯಾರೂ ಬರಲಿಲ್ಲ. ಸಿಬ್ಬಂದಿಯ ಸಭೆಯಲ್ಲಿ ಕ್ರೀಡಾವಿಭಾಗದ ಪ್ರಭಾರವನ್ನು ಯಾರು ವಹಿಸಬೇಕೆಂಬ ಮಾತು ಬಂದಾಗ ಎಲ್ಲರೂ ಮೇಜಿನ ಕಡೆಗೆ ನೋಡಿದರು. ನಾನೊಬ್ಬನೇ ತಲೆಯೆತ್ತಿದ್ದೆ. ಅದೇ ಸಮ್ಮತಿಯಾಯಿತು. ಮರುದಿನ ಒಂದು ಕಬ್ಬಿಣದ ಪೆಟ್ಟಿಗೆಯ ಕೀಲಿಕೈ, ಎರಡು ಹರಕು ವಾಲಿಬಾಲ್ ಬಲೆ, ಒಂದು ಸೀಟಿ ನನ್ನ ಪಾಲಿಗೆ ಬಂದವು.

ನಮ್ಮ ಕಾಲೇಜು ಶಿವಯೋಗ ಮಂದಿರದಿಂದ ಬಹು ದೂರವಿಲ್ಲ. ಬಾದಾಮಿ, ಬನಶಂಕರಿ, ಮಹಾಕೂಟ, ಪಟ್ಟದಕಲ್ಲುಗಳ ಈ ಕೆಂಪುಗಲ್ಲಿನ ಸೀಮೆಯಲ್ಲಿ ಮಲಪ್ರಭೆಯ ದಂಡೆಯ ಮೇಲೆ ಹಾನಗಲ್ಲ ಕುಮಾರ ಶಿವಯೋಗಿಗಳು 1909ರಲ್ಲಿ ಸ್ಥಾಪಿಸಿದ ಸಂಸ್ಥೆಯದು. ವೀರಶೈವ ಮಠಗಳಿಗೆ ವಿದ್ಯಾವಂತರೂ ಸಾಧಕರೂ ಆದ ಸ್ವಾಮಿಗಳು ದೊರೆಯಬೇಕೆಂಬುದು ಅದರ ಉದ್ದೇಶ. 1930ರಲ್ಲಿ ಲಿಂಗೈಕ್ಯರಾದ ಶಿವಯೋಗಿಗಳ ಗದ್ದುಗೆಯೂ ಅಲ್ಲಿಯೇ ಇದೆ. ವಟುಗಳ ಪಾಠ, ಯೋಗಸಾಧನೆ, ಗೋಶಾಲೆ, ಆಕಳ ಸೆಗಣಿಯಿಂದ ವಿಭೂತಿ ಮಾಡುವ ಕೆಲಸ, ತಾಳೆಗರಿಗಳ ಭಂಡಾರ, ಇವೆಲ್ಲವುಗಳಿಂದ ಮಂದಿರದ ಹೆಸರು ನಾಡಿಗೆಲ್ಲ ಪರಿಚಿತ. ಈ ಹೊಳೆಯೂ ಯಾವಾಗಲೂ ಸೌಮ್ಯವಲ್ಲ. 2009ರಲ್ಲಿಯೂ 2019ರಲ್ಲಿಯೂ ಅದು ದಂಡೆ ಮೀರಿ ತಾಲೂಕಿನ ಅನೇಕ ಹಳ್ಳಿಗಳನ್ನು ಹೊಕ್ಕದ್ದನ್ನು ನಾವು ಕಂಡವರು.

ಕಾಲೇಜಿಗೆ ಆಟದ ಬಯಲಿಲ್ಲ. ಇದ್ದ ಬಯಲಿನಲ್ಲಿ ಹೊಸ ಕೋಣೆಗಳ ಬುನಾದಿ ಎದ್ದಿದ್ದಿತು. ಹುಡುಗರೇ ಒಂದು ದಾರಿ ಹುಡುಕಿದರು. ಮಂದಿರದ ಆವರಣದಿಂದ ಈಚೆಗೆ, ಹೊಳೆಯ ಮಗ್ಗುಲಿಗೆ, ಒಬ್ಬ ವೃದ್ಧ ರೈತರ ಹೊಲ. ಮರಳು ಬೆರೆತ ರೇವೆ ಮಣ್ಣು. ಬಿದ್ದರೆ ಮೊಣಕಾಲು ಕಿತ್ತುಬರುವಂಥದಲ್ಲ. ಮುಂಗಾರಿನಲ್ಲಿ ಅವರು ಹೆಸರು ಬಿತ್ತುತ್ತಾರೆ, ಆಗಸ್ಟಿನಲ್ಲಿ ಕೀಳುತ್ತಾರೆ. ಹಿಂಗಾರಿಯ ಬಿಳಿಜೋಳ ಬಿತ್ತುವುದು ಸೆಪ್ಟೆಂಬರ್ ಕೊನೆಗೆ, ಇಲ್ಲವೆ ಅಕ್ಟೋಬರ್ ಮೊದಲಿಗೆ. ನಡುವಿನ ಒಂದು ತಿಂಗಳು ಹೊಲ ಖಾಲಿ. ಹುಡುಗರನ್ನು ಕರೆದುಕೊಂಡು ನಾನು ಕೇಳಲು ಹೋದಾಗ ಅವರು ಕೂಡಿದ ಹಂತಿಯನ್ನೇ ನೋಡುತ್ತ ಹೇಳಿದರು: “ಹೆಸರು ಕಿತ್ತ ಮ್ಯಾಗ ಜೋಳಾ ಬಿತ್ತೂತನಕ ಆಡ್ರಿ ಮಾಸ್ತರ್ರ. ಹೆಂಟಿ ಒಡದು ಮಣ್ಣು ಹಸನ ಮಾಡಿಕೊಟ್ರ ನನಗೂ ಚಲೋ ಆತು.”

ಹೀಗೆ ನಮ್ಮ ತಂಡದ ಹಂಗಾಮು ಎರಡು ಪೀಕುಗಳ ನಡುವಿನ ಹಂಗಾಮಾಯಿತು.

*

ಹನ್ನೆರಡು ಮಂದಿ ಹುಡುಗರು. ಕಬಡ್ಡಿಯ ನಿಯಮದಂತೆ ಕಣದಲ್ಲಿ ಏಳು, ಹೊರಗೆ ಐದು. ಇವರಲ್ಲಿ ಇಬ್ಬರು ಗುಳೇದಗುಡ್ಡದ ನೇಕಾರರ ಮಕ್ಕಳು; ಮನೆಯಲ್ಲಿ ಖಣ ನೇಯುವ ಮಗ್ಗ. ಮೂವರ ತಂದೆಯರು ಕಲ್ಲು ಒಡೆಯುವವರು. ನಾಯಕನ ತಂದೆ ಬಸ್ಸಿನ ಕಂಡಕ್ಟರು. ಉಳಿದವರು ಒಕ್ಕಲುತನದ, ಕೂಲಿಯ ಮನೆಗಳವರು. ಹನ್ನೆರಡರಲ್ಲಿ ಹತ್ತು ಮಂದಿಗೆ ಅವರ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ತಾವೇ ಮೊದಲಿಗರು.

ದಿನವೂ ನಸುಕಿನಲ್ಲಿ ಊರಿನಿಂದ ಹೊಲದವರೆಗೆ ಓಟ. ನಾನು ಹಿಂದಿನಿಂದ ನನ್ನ ಹಳೆಯ ಮೋಟಾರು ಸೈಕಲಿನ ಮೇಲೆ ಸೀಟಿಯೊಡನೆ. ಹೊಲದಲ್ಲಿ ಸುಣ್ಣದ ಪುಡಿಯಿಂದ ಹದಿಮೂರು ಮೀಟರು ಉದ್ದ, ಹತ್ತು ಮೀಟರು ಅಗಲದ ಕಣವನ್ನು ಬರೆಯುತ್ತಿದ್ದೆವು. ಮಧ್ಯರೇಖೆಯಿಂದ ಮೂರೂಮುಕ್ಕಾಲು ಮೀಟರಿಗೆ ಒಂದು ಗೆರೆ. ದಾಳಿಗಾರ ಆ ಗೆರೆಯನ್ನು ದಾಟಿ ಬರಲೇಬೇಕು, ಇಲ್ಲವೆ ಯಾರನ್ನಾದರೂ ಮುಟ್ಟಬೇಕು. ಅದರಾಚೆಗೆ ಒಂದು ಮೀಟರಿಗೆ ಬೋನಸ್ ಗೆರೆ. ಎದುರಿಗೆ ಆರು ಮಂದಿಯೋ ಹೆಚ್ಚೋ ಇದ್ದಾಗ ಅದನ್ನು ದಾಟಿದವನಿಗೆ ಒಂದು ಅಂಕ. ಇವನ್ನೆಲ್ಲ ನಾನು ನಿಯಮದ ಪುಸ್ತಕದಿಂದ ಕಲಿತೆ. ಷಟ್ಪದಿಯ ಮಾತ್ರಾಗಣಗಳನ್ನು ಬಲ್ಲವನಿಗೆ ಇದು ಅಷ್ಟೇನೂ ಕಠಿಣವಲ್ಲ. ಎರಡರಲ್ಲಿಯೂ ಗೆರೆ ಹಾಕಿಕೊಂಡೇ ಸ್ವಾತಂತ್ರ್ಯ.

ನಮ್ಮ ಹಿರಿಯರು ಈ ಆಟವನ್ನು ಹುತುತು ಎನ್ನುತ್ತಿದ್ದರು. ಮುಂಬಯಿ ಆಧಿಪತ್ಯದ ಕಾಲದಿಂದ ಮರಾಠಿ ಸೀಮೆಗೂ ನಮಗೂ ಸಮಾನವಾದ ಹೆಸರು. ಹಳೆಯ ಪದ್ಧತಿಯಲ್ಲಿ ಮೂರು ಬಗೆ. ಸಂಜೀವಿನಿಯಲ್ಲಿ ತನ್ನ ಪಕ್ಷ ಒಂದು ಅಂಕ ಗಳಿಸಿದರೆ ಹೊರಹೋದವನೊಬ್ಬ ಮರಳಿ ಕಣಕ್ಕೆ ಬರುತ್ತಾನೆ. ಗಾಮಿನಿಯಲ್ಲಿ ಹೊರಹೋದವನು ಪಕ್ಷವೆಲ್ಲ ಹೊರಬೀಳುವವರೆಗೆ ಹೊರಗೇ. ಅಮರದಲ್ಲಿ ಯಾರೂ ಹೊರಹೋಗುವುದೇ ಇಲ್ಲ. ಇಂದಿನ ಕಬಡ್ಡಿ ಸಂಜೀವಿನಿಯ ಕವಲು. 1936ರಲ್ಲಿ ಬರ್ಲಿನ್ ಒಲಿಂಪಿಕ್ ಕೂಟದ ಸಂದರ್ಭದಲ್ಲಿ ಅಮರಾವತಿಯ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಳದವರು ಇದನ್ನು ಪ್ರದರ್ಶಿಸಿದರು. 1990ರಲ್ಲಿ ಬೀಜಿಂಗಿನ ಏಷ್ಯಾ ಕ್ರೀಡಾಕೂಟದಲ್ಲಿ ಇದು ಪದಕದ ಆಟವಾಯಿತು. 2014ರಲ್ಲಿ ಪ್ರೊ ಕಬಡ್ಡಿ ಪ್ರಾರಂಭವಾದ ಮೇಲಂತೂ ಹಳ್ಳಿಯ ಹುಡುಗನ ಆಟವನ್ನು ಪಟ್ಟಣದವರು ದೂರದರ್ಶನದ ಮುಂದೆ ಕುಳಿತು ನೋಡತೊಡಗಿದರು. 2019ರ ಜನವರಿಯಲ್ಲಿ ಬೆಂಗಳೂರು ಬುಲ್ಸ್ ಪ್ರಶಸ್ತಿ ಗೆದ್ದ ರಾತ್ರಿ ನಮ್ಮ ಊರಿನಲ್ಲಿಯೂ ಪಟಾಕಿ ಹಾರಿದವು.

ಆದರೆ ಆಟದ ಜೀವ ಇರುವುದು ಉಸಿರಿನಲ್ಲಿ. ದಾಳಿಗಾರನು ಎದುರು ಪಕ್ಷದ ನೆಲದಲ್ಲಿರುವಷ್ಟು ಹೊತ್ತು ‘ಕಬಡ್ಡಿ, ಕಬಡ್ಡಿ’ ಎಂದು ಒಂದೇ ಉಸಿರಿನಲ್ಲಿ ನುಡಿಯುತ್ತಿರಬೇಕು; ನುಡಿ ಕಡಿದರೆ ಅವನು ಔಟು. ಇಂದು ಮೂವತ್ತು ಸೆಕೆಂಡುಗಳ ಮಿತಿಯೂ ಇದೆ. ನಮ್ಮ ಹುಡುಗರು ಮೊದಮೊದಲು ಎದೆ ತುಂಬ ಗಾಳಿ ತುಂಬಿಕೊಂಡು ಹೋಗಿ ಹತ್ತೇ ಕ್ಷಣಗಳಲ್ಲಿ ಏದುಸಿರು ಬಿಡುತ್ತ ಮರಳುತ್ತಿದ್ದರು. ಒಂದು ಮುಂಜಾನೆ ಹೊಳೆಯ ಕಡೆಯಿಂದ ಬರುತ್ತಿದ್ದ ಹಿರಿಯ ಸಾಧಕರೊಬ್ಬರು ಬದುವಿನ ಮೇಲೆ ನಿಂತು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ನಗುತ್ತ ಅಂದರು: “ಉಸರ ಹಿಡ್ಯಾಕ ಹೋಗಬ್ಯಾಡ್ರಿ ತಮ್ಮಗೋಳ್ರಾ. ಸಾವಕಾಶ ಬಿಡೂದನ್ನ ಕಲೀರಿ.”

ಯೋಚಿಸಿ ನೋಡಿದರೆ ಅದು ಶಾಸ್ತ್ರದ ಮಾತೇ ಆಗಿದ್ದಿತು. ಪೂರಕ, ಕುಂಭಕ, ರೇಚಕ ಎಂದು ಪ್ರಾಣಾಯಾಮದ ಮೂರು ಅಂಗಗಳು. ಒಳಗೆಳೆಯುವುದು, ನಿಲ್ಲಿಸುವುದು, ಬಿಡುವುದು. ನಾವು ಕಬಡ್ಡಿಯನ್ನು ಉಸಿರು ಕಟ್ಟುವ ಆಟವೆಂದು ತಿಳಿದಿದ್ದೆವು. ಮಾತನಾಡುವವನು ಉಸಿರು ಕಟ್ಟಲಾರ. ನುಡಿಯುತ್ತಿರುವವರೆಗೆ ಉಸಿರು ಹೊರಗೆ ಹೋಗುತ್ತಲೇ ಇರುತ್ತದೆ. ಎಂದರೆ ದಾಳಿಯು ಒಂದು ದೀರ್ಘ ರೇಚಕ. ಅಂದಿನಿಂದ ಹುಡುಗರು ಹೊಲದ ಬದುವಿನ ಮೇಲೆ ಸಾಲಾಗಿ ಕುಳಿತು ಮೆಲುದನಿಯಲ್ಲಿ ನುಡಿ ಎಣಿಸುವ ಅಭ್ಯಾಸ ಮಾಡಿದರು. ಮಂದಿರದ ಕಡೆಯಿಂದ ಮಂತ್ರದ ಧ್ವನಿ, ಹೊಲದ ಕಡೆಯಿಂದ ಕಬಡ್ಡಿಯ ಧ್ವನಿ. ಹೊಳೆಗೆ ಎರಡೂ ಒಂದೇ ಆಗಿ ಕೇಳಿಸಿದ್ದರೆ ಆಶ್ಚರ್ಯವಿಲ್ಲ.

*

ಆ ಹನ್ನೆರಡು ಮಂದಿಯಲ್ಲಿ ಒಬ್ಬನ ಸಂಗತಿಯನ್ನು ಪ್ರತ್ಯೇಕವಾಗಿ ಹೇಳಬೇಕು. ಅವನ ಹೆಸರನ್ನು ಹೇಳುವುದಿಲ್ಲ, ಹೊಳೆಯಾಚೆಯ ಹುಡುಗನೆನ್ನುತ್ತೇನೆ. ಬಿ.ಎ. ಎರಡನೆಯ ವರ್ಷ. ತೆಳ್ಳನೆಯ ಆಳು, ನೋಡಿದವರು ಇವನನ್ನು ದಾಳಿಗಾರನೆಂದು ನಂಬುತ್ತಿರಲಿಲ್ಲ. ಆದರೆ ಅವನು ಮಧ್ಯರೇಖೆಯನ್ನು ದಾಟಿದೊಡನೆ ಎದುರು ಪಕ್ಷದ ಏಳೂ ಮಂದಿ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಮೂಲೆಯವನು ಕಣಕಾಲಿಗೆ ಕೈಹಾಕುವ ಮೊದಲೇ ಆ ಕಾಲು ಅಲ್ಲಿಂದ ಮಾಯ. ಅವನು ಹೋದರೆ ಅಂಕವಿಲ್ಲದೆ ಬಂದದ್ದನ್ನು ನಾನು ಕಂಡದ್ದು ಕಡಿಮೆ.

ಅಕ್ಟೋಬರಿನಲ್ಲಿ ಅಂತರ ಕಾಲೇಜು ಪಂದ್ಯಗಳು. ಸೋತವರು ಮನೆಗೆ ಹೋಗುವ ಪದ್ಧತಿ. ನಾವು ಐದು ಪಂದ್ಯ ಆಡಿದೆವು. ಮೊದಲನೆಯದನ್ನು ಸುಲಭವಾಗಿ ಗೆದ್ದೆವು. ಎರಡನೆಯದರಲ್ಲಿ ಅರ್ಧ ಆಟದ ಹೊತ್ತಿಗೆ ಒಂಬತ್ತು ಅಂಕ ಹಿಂದಿದ್ದೆವು. ವಿಶ್ರಾಂತಿಯ ಐದು ನಿಮಿಷಗಳಲ್ಲಿ ನಾಯಕ ಏನು ಹೇಳಿದನೋ, ದ್ವಿತೀಯಾರ್ಧದಲ್ಲಿ ಎದುರಿನವರನ್ನು ಎರಡು ಸಲ ಪೂರ್ಣ ಔಟು ಮಾಡಿ ಲೋನಾದ ಅಂಕಗಳೊಡನೆ ಗೆದ್ದುಬಂದೆವು. ಮೂರನೆಯದು, ನಾಲ್ಕನೆಯದು, ಎರಡೂ ಹೊಳೆಯಾಚೆಯ ಹುಡುಗನ ಕಾಲಿನ ಪಂದ್ಯಗಳು. ಆ ದಿನ ನಮ್ಮ ಪ್ರಾಚಾರ್ಯರು ಫೋನಿನಲ್ಲಿ ನನ್ನನ್ನು ಅಭಿನಂದಿಸಿದರು. ಕಾಲೇಜಿನ ಫಲಕದ ಮೇಲೆ ಬಣ್ಣದ ಸುಣ್ಣಕಡ್ಡಿಯಿಂದ ಹುಡುಗರ ಹೆಸರುಗಳನ್ನು ಬರೆದಿದ್ದರಂತೆ.

ಅಂತಿಮ ಪಂದ್ಯವು ಮ್ಯಾಟಿನ ಮೇಲೆ. ಮಣ್ಣಿನಲ್ಲಿ ಬರಿಗಾಲಿನಿಂದ ಆಡಿ ಬೆಳೆದ ಹುಡುಗರಿಗೆ ಮ್ಯಾಟು ಪರದೇಶ. ಮಣ್ಣು ಹೆಜ್ಜೆಗೆ ಸ್ವಲ್ಪ ಜಾರಿ ಆಮೇಲೆ ಹಿಡಿದುಕೊಳ್ಳುತ್ತದೆ. ಮ್ಯಾಟು ಕಾಲನ್ನು ಹಿಡಿದುಬಿಡುತ್ತದೆ, ತಿರುಗುವಾಗ ಮೊಣಕಾಲಿಗೆ ಪೆಟ್ಟು. ಅದಕ್ಕೆ ತಕ್ಕ ಬೂಟು ಬೇಕು. ನಮ್ಮಲ್ಲಿ ನಾಲ್ಕು ಜೊತೆ ಇದ್ದವು. ಹೊರಬಂದವನು ಬಿಚ್ಚಿ ಒಳಹೋಗುವವನಿಗೆ ಕೊಡುತ್ತಿದ್ದ. ಆರು ಅಂಕಗಳಿಂದ ಸೋತೆವು. ಬೂಟಿನ ಕಾರಣದಿಂದಲೇ ಸೋತೆವೆಂದು ಹೇಳಿದರೆ ಗೆದ್ದವರಿಗೆ ಅನ್ಯಾಯ. ಅವರ ಹಿಡಿತ ನಮ್ಮದಕ್ಕಿಂತ ಗಟ್ಟಿಯಾಗಿದ್ದಿತು. ಮರಳಿ ಬರುವಾಗ ಬಸ್ಸಿನಲ್ಲಿ ಹುಡುಗರು ಹಿಂದಿನ ಆಸನಗಳಲ್ಲಿ ಹಾಡುತ್ತಿದ್ದರು. ಸೋತ ತಂಡವೆಂದು ಕಂಡಕ್ಟರರಿಗೆ ತಿಳಿಯಲೇ ಇಲ್ಲ. ‘ಗೆದ್ದ ಬಂದೀರೇನೋ?’ ಎಂದು ಕೇಳಿದರು. ‘ಹೂಂನ್ರಿ’ ಎಂದು ಹನ್ನೆರಡೂ ಮಂದಿ ಒಂದೇ ಉಸಿರಿಗೆ ಹೇಳಿದರು.

ಹಂಗಾಮು ಅಲ್ಲಿಗೆ ಮುಗಿಯಿತೆಂದು ನಾನು ತಿಳಿದಿದ್ದೆ. ನಾವು ಹಿಂದಿರುಗುವ ಹೊತ್ತಿಗೆ ಹೊಲದಲ್ಲಿ ಜೋಳ ಎರಡೆಲೆ ಒಡೆದಿದ್ದಿತು. ಕಣದ ಸುಣ್ಣದ ಗೆರೆ ಎಲ್ಲಿದ್ದಿತೆಂದು ಗುರುತೇ ಹತ್ತಲಿಲ್ಲ.

*

ಡಿಸೆಂಬರಿನಲ್ಲಿ ಹಾಜರಿಯ ಲೆಕ್ಕ. ನೂರಕ್ಕೆ ಎಪ್ಪತ್ತೈದು ಹಾಜರಿ ಇಲ್ಲದ ವಿದ್ಯಾರ್ಥಿ ಪರೀಕ್ಷೆಗೆ ಕೂಡ್ರುವಂತಿಲ್ಲ. ಆ ಸೆಮಿಸ್ಟರನ್ನು ಮುಂದಿನ ವರ್ಷ ಮತ್ತೆ ಓದಬೇಕು. ಹೊಳೆಯಾಚೆಯ ಹುಡುಗನಿಗೆ ಬೇರೆಲ್ಲ ವಿಷಯಗಳಲ್ಲಿ ಹಾಜರಿ ಸಾಕಾಗಿದ್ದಿತು. ಒಂದರಲ್ಲಿ ಮಾತ್ರ ಕೊರತೆ. ಅದು ಕನ್ನಡ. ನನ್ನ ತರಗತಿ.

ಅರವತ್ತನಾಲ್ಕು ತರಗತಿಗಳಲ್ಲಿ ನಲವತ್ತೆಂಟು ಬೇಕು. ಕಾಲೇಜಿನ ಪಂದ್ಯಗಳಿಗೆ ಹೋದ ದಿನಗಳನ್ನು ನಿಯಮದಂತೆ ಸೇರಿಸಿಯೂ ನಲವತ್ತನಾಲ್ಕು ಆಗುತ್ತಿದ್ದಿತು. ನಾಲ್ಕು ಕಡಿಮೆ. ನನ್ನ ಮೇಜಿನ ಬಳಿ ನಿಂತ ಸಹೋದ್ಯೋಗಿಯೊಬ್ಬರು, “ನಾಕ ಗೆರಿ ಎಳದ ಬಿಡ್ರಿ ಸರ, ಕಾಲೇಜಿಗೆ ಹೆಸರು ತಂದ ಹುಡುಗ” ಎಂದರು.

ಅವರ ಮಾತು ನನಗೆ ಸಹಜವಾಗಿಯೇ ಕಂಡಿತು. ಲೇಖನಿ ತೆಗೆದೆ. ಆದರೆ ಅದೇ ಹಾಳೆಯಲ್ಲಿ ಇನ್ನಿಬ್ಬರು ವಿದ್ಯಾರ್ಥಿನಿಯರ ಹೆಸರಿದ್ದಿತು. ಅವರಿಗೂ ಕೊರತೆ; ಒಬ್ಬಳಿಗೆ ಮೂರು, ಮತ್ತೊಬ್ಬಳಿಗೆ ಐದು. ಅವರು ಕಾಲೇಜಿಗೆ ಕಪ್ಪು ತಂದವರಲ್ಲ. ಶೇಂಗಾ ಹರಿಯುವ ದಿನಗಳಲ್ಲಿ ತಾಯಿಯೊಡನೆ ಕೂಲಿಗೆ ಹೋದವರು. ಅವರಿಗಾಗಿ ಗೆರೆ ಎಳೆಯಿರೆಂದು ನನ್ನ ಮೇಜಿನ ಬಳಿ ಯಾರೂ ಬಂದು ನಿಂತಿರಲಿಲ್ಲ. ಒಬ್ಬನಿಗೆ ಎಳೆದು ಇಬ್ಬರಿಗೆ ಬಿಡುವುದು ಹೇಗೆ? ಮೂವರಿಗೂ ಎಳೆದರೆ ಹಾಜರಿಪುಸ್ತಕವೆಂಬುದೇಕೆ? ಲೇಖನಿಯನ್ನು ಮುಚ್ಚಿ ಇಟ್ಟೆ. ಮೂರೂ ಹೆಸರುಗಳು ಫಲಕಕ್ಕೆ ಹೋದವು. ಬಣ್ಣದ ಸುಣ್ಣಕಡ್ಡಿಯಲ್ಲಿ ಒಮ್ಮೆ ಹೆಸರಿದ್ದ ಹುಡುಗನ ಹೆಸರು ಈಗ ಅಚ್ಚಾದ ಹಾಳೆಯಲ್ಲಿ.

ಮರುದಿನ ಅವನು ಬಂದ. ವಾದಿಸಲಿಲ್ಲ, ಸಿಟ್ಟಾಗಲಿಲ್ಲ. ನಾನೇ ಕೇಳಿದೆ: “ಯಾಕಪಾ, ಮುಂಜಾನಿ ತರಗತಿ ಇಷ್ಟ್ಯಾಕ ತಪ್ಪಿಸಿದಿ?”

“ರಾತ್ರಿ ಆಡಾಕ ಹೋಗತಿದ್ನಿರಿ ಸರ.”

ನಮ್ಮ ಕಡೆಗೆ ಜಾತ್ರೆ ಉತ್ಸವಗಳಲ್ಲಿ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿಗಳು ನಡೆಯುತ್ತವೆ. ರಾತ್ರಿ ಒಂಬತ್ತಕ್ಕೆ ಮೊದಲಾಗಿ ಬೆಳಗಿನ ಜಾವದವರೆಗೂ ಆಟ. ನಗದು ಬಹುಮಾನ. ದಾಳಿ ಬಲ್ಲ ಹುಡುಗನನ್ನು ಊರವರು ಕರೆದುಕೊಂಡು ಹೋಗಿ ಕೈಗಿಷ್ಟು ಕೊಟ್ಟು ಆಡಿಸುತ್ತಾರೆ. ಅಕ್ಕನ ಮದುವೆಗೆ ಮಾಡಿದ ಸಾಲಕ್ಕೆ ಅವನ ಮನೆಯಲ್ಲಿ ಆ ಹಣ ಹೋಗುತ್ತಿದ್ದಿತು. ಹಂತಿಮ ಪಂದ್ಯ ಮುಗಿದು, ಮೊದಲ ಬಸ್ಸು ಹಿಡಿದು ಅವನು ಊರು ಮುಟ್ಟುವ ಹೊತ್ತಿಗೆ ನನ್ನ ಒಂಬತ್ತು ಗಂಟೆಯ ತರಗತಿಯಲ್ಲಿ ಹಾಜರಿ ಮುಗಿದಿರುತ್ತಿದ್ದಿತು.

“ಮೊದಲ ಯಾಕ ಹೇಳಲಿಲ್ಲ?”

“ನೀವು ಕೇಳಲಿಲ್ರಿ ಸರ.”

ಅದರಲ್ಲಿ ಆಕ್ಷೇಪಣೆಯ ಧ್ವನಿಯಿರಲಿಲ್ಲ, ನಡೆದದ್ದನ್ನು ಹೇಳಿದನಷ್ಟೆ. ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಸೆಪ್ಟೆಂಬರಿನಲ್ಲಿ ಪ್ರತಿದಿನ ನಸುಕಿನಲ್ಲಿ ಅವನನ್ನು ಹೊಲದಲ್ಲಿ ಕಾಣುತ್ತಿದ್ದೆ. ಅವನ ಕಣ್ಣು ಕೆಂಪಗಿದ್ದುದನ್ನೂ ಕಂಡಿದ್ದೆ. ನಿದ್ದೆಗೆಟ್ಟು ಓದುತ್ತಾನೆಂದು ತಿಳಿದಿದ್ದೆ. ಹೊಲದಲ್ಲಿ ನಾನು ಅವನ ಉಸಿರನ್ನು ಎಣಿಸಿದೆ. ತರಗತಿಯಲ್ಲಿ ಅವನ ಗೈರುಹಾಜರಿಯನ್ನು ಎಣಿಸಿದೆ. ಎರಡೂ ಒಬ್ಬನವೇ ಎಂಬುದನ್ನು ಕೂಡಿಸಿ ನೋಡಲಿಲ್ಲ. ಡಿಸೆಂಬರಿನಲ್ಲಿ ನಾಲ್ಕು ಗೆರೆ ಎಳೆಯದಿದ್ದುದು ನನ್ನ ತಪ್ಪೆಂದು ಇಂದಿಗೂ ನನಗನಿಸುವುದಿಲ್ಲ. ಸೆಪ್ಟೆಂಬರಿನಲ್ಲಿ ಒಂದು ಮಾತು ಕೇಳದಿದ್ದುದು ತಪ್ಪು. ಆ ಇಬ್ಬರು ಹುಡುಗಿಯರನ್ನೂ ಕೇಳಿರಲಿಲ್ಲ.

*

ಅಮೇರಿಕದ ಪತ್ರ ಬಂದುದು ಇದೇ ವಾರದಲ್ಲಿ. ಅದನ್ನು ಮತ್ತೆ ಮತ್ತೆ ಓದಿದೆ. ಅಲ್ಲಿಯ ವಿಶ್ವವಿದ್ಯಾಲಯಗಳಲ್ಲಿ ಆಟಗಾರನ ಓದನ್ನು ನೋಡಿಕೊಳ್ಳಲೆಂದೇ ಪ್ರತ್ಯೇಕ ಬೋಧಕರಿರುತ್ತಾರೆಂದು ನನ್ನ ಶಿಷ್ಯ ಬರೆದಿದ್ದ. ಓದಿನಲ್ಲಿ ಹಿಂದುಳಿದವನು ಆಟದಿಂದಲೂ ಹೊರಗೆ. ಆದುದರಿಂದ ಗೆಲುವು ಬೇಕಾದವರು ಓದನ್ನೂ ನೋಡಲೇಬೇಕು. ಹಣದ ವಿಷಯವೂ ಸೋಜಿಗದ್ದು. ಲಕ್ಷ ಜನರು ಟಿಕೆಟು ಕೊಂಡು ನೋಡುವ ಆಟವನ್ನು ಆಡುವ ಹುಡುಗ, ವಿದ್ಯಾರ್ಥಿವೇತನವನ್ನು ಬಿಟ್ಟು ತನ್ನ ಹೆಸರಿನಿಂದ ಏನನ್ನೂ ಗಳಿಸಕೂಡದೆಂಬ ನಿಯಮ ಬಹುಕಾಲ ಇದ್ದಿತು. ತಮ್ಮ ಹೆಸರು ಭಾವಚಿತ್ರಗಳಿಂದ ಗಳಿಸುವ ಹಕ್ಕು ಅವರಿಗೆ ದೊರೆತುದು 2021ರಲ್ಲಿ. ವಿಶ್ವವಿದ್ಯಾಲಯವೇ ತನ್ನ ಉತ್ಪನ್ನದಲ್ಲಿ ನೇರವಾಗಿ ಪಾಲು ಕೊಡಬಹುದೆಂದಾದುದು 2025ರಲ್ಲಿ. ಅಷ್ಟು ಸಿರಿವಂತ ದೇಶಕ್ಕೂ ಆಟಗಾರನ ಮನೆಯಲ್ಲಿ ಒಲೆ ಉರಿಯಬೇಕೆಂಬ ಸಂಗತಿ ತಿಳಿಯಲು ಒಂದೂವರೆ ಶತಮಾನ ಹಿಡಿಯಿತು!

ಇನ್ನೊಂದು ಸಂಗತಿ. 1905ರಲ್ಲಿ ಆ ಆಟದಲ್ಲಿ ಸುಮಾರು ಹದಿನೆಂಟು ಮಂದಿ ಪ್ರಾಣ ಕಳೆದುಕೊಂಡರು. ಅಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟರು ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್‌ಗಳ ಪ್ರತಿನಿಧಿಗಳನ್ನು ಶ್ವೇತಭವನಕ್ಕೆ ಕರೆಸಿ ಮಾತನಾಡಿದರು. ಮರುವರ್ಷ ನಿಯಮಗಳು ಬದಲಾದವು. ಚೆಂಡನ್ನು ಮುಂದಕ್ಕೆ ಎಸೆಯಲು ಅನುಮತಿ ದೊರೆಯಿತು. ಗುಂಪುಗುಂಪಾಗಿ ನುಗ್ಗಿ ತುಳಿಯುವ ಆಟ ಕ್ರಮೇಣ ಬಯಲಿನಲ್ಲಿ ಹರಡಿಕೊಂಡಿತು. ನಮ್ಮ ಕಬಡ್ಡಿಯಲ್ಲಿಯೂ ದಾಳಿಗಾರನ ಬಾಯಿ ಮುಚ್ಚಿ ನುಡಿ ನಿಲ್ಲಿಸುವುದು, ಕಾಲುಗಳ ಕತ್ತರಿ ಹಾಕಿ ಕೆಡವುವುದು ನಿಷಿದ್ಧ. ಯಾವ ಆಟವೂ ಮೊದಲ ದಿನವೇ ನ್ಯಾಯವಾಗಿ ಹುಟ್ಟಲಿಲ್ಲ. ಯಾರೋ ಬಿದ್ದ ಮೇಲೆ, ಬಿದ್ದುದೇಕೆಂದು ಮತ್ತೆ ಯಾರೋ ಕೇಳಿದ ಮೇಲೆ ನಿಯಮ ನೇರವಾಯಿತು.

ನಮ್ಮ ಹಾಜರಿಪುಸ್ತಕ ಮಾತ್ರ ಇನ್ನೂ ಗಾಮಿನಿ. ಅದರಲ್ಲಿ ಔಟಾದವನು ಹೊರಗೇ.

*

ಜನವರಿಯಲ್ಲಿ ಬನಶಂಕರಿಯ ಜಾತ್ರೆ. ತೇರಿನ ಮರುದಿನ ನಾಟಕದ ಕಂಪನಿಗಳ ಡೇರೆಗಳ ಸಾಲಿನಲ್ಲಿ ನಡೆಯುತ್ತಿದ್ದೆ. ಹಿಂದಿನಿಂದ ಯಾರೋ ಬಂದು ಕಾಲು ಮುಟ್ಟಿದರು. ಹೊಳೆಯಾಚೆಯ ಹುಡುಗ. ಕೈಗಳು ಸಿಮೆಂಟಿನಿಂದ ಬಿರಿದಿದ್ದವು. ಗೋವೆಯಲ್ಲಿ ಕಟ್ಟಡದ ಕೆಲಸಕ್ಕೆ ಸೇರಿದ್ದನಂತೆ, ಜಾತ್ರೆಗೆಂದು ಬಂದಿದ್ದ. ಇಬ್ಬರೂ ಒಂದು ಚಹದಂಗಡಿಯಲ್ಲಿ ಕುಳಿತೆವು. ಗಿರಮಿಟ್ಟು ಮಿರ್ಚಿ ತರಿಸಿದೆ. ದುಡ್ಡು ಕೊಡಲು ಅವನೇ ಮುಂದಾದ. ನಾನು ಗದರಿಸಿದ ಮೇಲೆ ಕೈ ಹಿಂದೆಗೆದ.

“ಮತ್ತ ಓದತೀಯೇನು?” ಎಂದು ಕೇಳಿದೆ.

ತಟ್ಟೆಯನ್ನು ನೋಡುತ್ತ ಬಹಳ ಹೊತ್ತು ಸುಮ್ಮನಿದ್ದ. “ಓದಬೇಕಂತೈತ್ರಿ. ಆದ್ರ ಸಣ್ಣ ಹುಡುಗರ ಜೋಡಿ ಕುಂಡ್ರಬೇಕಲ್ರಿ.”

“ನಾನೂ ಪ್ರತಿವರ್ಷ ಸಣ್ಣವರ ಜೋಡೀನ ಕುಂಡ್ರತೀನಿ” ಎಂದೆ. ನಕ್ಕ. ಅವನು ನಕ್ಕದ್ದನ್ನು ಕಬಡ್ಡಿಯ ಕಣದ ಹೊರಗೆ ನಾನು ಕಂಡದ್ದು ಅದೇ ಮೊದಲು.

ಆ ರಾತ್ರಿ ಮನೆಗೆ ಬಂದು ಅಮೇರಿಕಕ್ಕೆ ಉತ್ತರ ಬರೆದೆ: “ಆಡಿದ ಪಂದ್ಯ ಐದು. ಗೆದ್ದದ್ದು ನಾಲ್ಕು, ಸೋತದ್ದು ಒಂದು. ಹನ್ನೆರಡು ಮಂದಿ ಆಡಿದರು. ಹನ್ನೊಂದು ಮಂದಿ ಪರೀಕ್ಷೆಗೆ ಕುಳಿತರು. ಮೊದಲನೆಯ ಸೋಲು ಹುಡುಗರದು. ಎರಡನೆಯದು ನನ್ನದು.” ಮರುದಿನವೇ ಅವನ ಜವಾಬು ಬಂದಿತು. ಹನ್ನೆರಡು ಜೊತೆ ಬೂಟುಗಳಿಗೆ ಹಣ ಕಳಿಸುತ್ತೇನೆಂದಿದ್ದ, ಕೆಳಗೆ ಒಂದು ಸಾಲು: “ನನಗೂ ಒಂದು ವರ್ಷ ಹಾಜರಿ ಕಡಿಮಿ ಇತ್ತಲ್ರಿ ಸರ. ಆಗ ನೀವು ಕೇಳಿದ್ರಿ.” ನನಗೆ ಅದು ನೆನಪೇ ಇರಲಿಲ್ಲ. ಹತ್ತು ವರ್ಷಗಳ ಹಿಂದೆ ಕೇಳುತ್ತಿದ್ದವನು ಯಾವಾಗ ಕೇಳುವುದನ್ನು ಬಿಟ್ಟೆನೆಂಬುದೂ ನೆನಪಿಲ್ಲ.

ಈ ವರ್ಷ ಕೆಲವು ಸಂಗತಿಗಳು ಬೇರೆಯಾಗಿವೆ. ತಿಂಗಳ ಕೊನೆಯ ಶನಿವಾರ ಹಾಜರಿಪುಸ್ತಕವನ್ನು ತೆರೆದು, ಹಿಂದೆ ಬಿದ್ದವರನ್ನು ಕರೆದು ಕಾರಣ ಕೇಳುತ್ತೇನೆಂದು ಗೊತ್ತುಮಾಡಿಕೊಂಡಿದ್ದೇನೆ. ಆಟಗಾರರಿರಲಿ, ಕೂಲಿಗೆ ಹೋಗುವವರಿರಲಿ. ನನ್ನ ತರಗತಿಯನ್ನು ಒಂಬತ್ತು ಗಂಟೆಯಿಂದ ಹನ್ನೊಂದಕ್ಕೆ ಹಾಕಿಕೊಡಬೇಕೆಂಬ ನನ್ನ ಬೇಡಿಕೆಗೆ ಪ್ರಾಚಾರ್ಯರು ಒಪ್ಪಿದ್ದಾರೆ. ಆ ಇಬ್ಬರು ಹುಡುಗಿಯರಲ್ಲಿ ಒಬ್ಬಳು ಮರಳಿ ಬಂದಿದ್ದಾಳೆ. ಮತ್ತೊಬ್ಬಳ ಮದುವೆಯಾಯಿತೆಂದು ತಿಳಿದೆ. ಹೊಳೆಯಾಚೆಯ ಹುಡುಗ ಗೋವೆಯ ದುಡಿಮೆಯಿಂದ ತಾನೇ ಶುಲ್ಕ ಕಟ್ಟಿ ಅರ್ಜಿ ತುಂಬಿದ್ದಾನೆ. ರಾತ್ರಿಯ ಆಟ ಬಿಡುತ್ತೇನೆಂದು ಅವನು ಹೇಳಿಲ್ಲ. ಬಿಡೆಂದು ನಾನೂ ಹೇಳಿಲ್ಲ. ಸಾಲ ಇನ್ನೂ ತೀರಿಲ್ಲ. ಯಾವ ಯಾವ ರಾತ್ರಿ ಎಲ್ಲೆಲ್ಲಿ ಆಟವೆಂಬುದನ್ನು ನನಗೆ ಮುಂಚಿತವಾಗಿ ತಿಳಿಸಬೇಕೆಂದು ಮಾತ್ರ ಕರಾರು.

ಮೊನ್ನೆ ಭಾನುವಾರ ಶಿವಯೋಗ ಮಂದಿರದ ಕಡೆಗೆ ಹೋಗಿದ್ದೆ. ಹೊಲದಲ್ಲಿ ಹೆಸರು ಹೂವಿಗೆ ಬಂದಿದೆ. ವೃದ್ಧ ರೈತರು ಬದುವಿನ ಮೇಲೆ ಕುಳಿತಿದ್ದರು. “ಈ ವರ್ಷಾನೂ ಬರತೀರೇನ್ರಿ ಮಾಸ್ತರ್ರ?” ಎಂದು ಅವರೇ ಕೇಳಿದರು. ಹುಡುಗರು ಬರುತ್ತಾರೆಂದೆ. ಸ್ವಲ್ಪ ಹೊತ್ತು ಮುಗಿಲನ್ನು ನೋಡಿದರು. ಹಿಂಗಾರಿ ಬಿತ್ತನೆಯಲ್ಲಿ ಎಂಟು ದಿನ ತಡವಾದರೆ ನೆಲದ ಹಸಿ ಆರುತ್ತದೆಂಬುದು ನನಗಿಂತ ಅವರಿಗೆ ಚೆನ್ನಾಗಿ ಗೊತ್ತು.

“ಹೋದ ವರ್ಷ ಸ್ವಲ್ಪ ಲಗೂನ ಎಬ್ಬಿಸಿ ಕಳಿಸಿದ್ನಿ” ಎಂದರು. “ಈ ಸಲ ಎಂಟು ದಿನ ತಡಾ ಮಾಡಿ ಬಿತ್ತತೀನಿ. ಆಡ್ಲಿ.”